ಗ್ರಿಂಡೆಲ್‌ವಾಲ್ಡ್-ವೆಂಗೆನ್ ಸ್ಕೀ ಟ್ರಿಪ್: ಮನೇಲಿ ನಾಲ್ಕು ಜನ ನಾಲ್ಕು ಲೆವೆಲ್, ಯಾರು ಯಾವ ಪಿಸ್ಟ್‌ಗೆ?

ಝೂರಿಕ್ ಜಯನಗರ:

ಎಲ್ರಿಗೂ ನಮಸ್ಕಾರ. ಮಾರ್ಚ್ ಮೊದಲ ವಾರ ಮೂರು ದಿನ ಸ್ವಿಟ್ಜರ್ಲೆಂಡಿನ ಗ್ರಿಂಡೆಲ್‌ವಾಲ್ಡ್‌ಗೆ ಅಂತ ರೂಮ್ ಬುಕ್ ಮಾಡಿ ಆಯ್ತು, ಈಗ ಪಿಸ್ಟ್ ಮ್ಯಾಪ್, ಅಂದ್ರೆ ಸ್ಕೀ ಇಳಿಯೋ ದಾರಿಗಳ ಮ್ಯಾಪ್, ತೆಗೆದು ನೋಡ್ತಿದ್ರೆ ತಲೆ ಕೆಟ್ಟು ಹೋಗ್ತಿದೆ, ಸುಲಭದ ನೀಲಿ, ಮಧ್ಯಮದ ಕೆಂಪು, ಕಷ್ಟದ ಕಪ್ಪು ಗೆರೆ ಎಲ್ಲಾ ಸೇರಿ ಯಾರೋ ಶಾವಿಗೆ ಚೆಲ್ಲಿದ ಹಾಗಿದೆ.

ನಮ್ಮ ಪರಿಸ್ಥಿತಿ ಹೇಳ್ತೀನಿ. ನಾನು ಎರಡು ಸೀಸನ್ ಸ್ಕೀ ಮಾಡಿದೀನಿ, ನೀಲಿ ಆರಾಮು, ಕೆಂಪಲ್ಲೂ ಇಳೀತೀನಿ ಆದ್ರೆ ದೇವ್ರ ಹೆಸ್ರು ಹೇಳ್ಕೊಂಡು. ಹೆಂಡ್ತಿ ಇನ್ನೂ ಸ್ಕೀ ಬೂಟನ್ನೇ ಕಾಲಿಗೆ ಹಾಕಿಲ್ಲ. ಮಗಳಿಗೆ ಎಂಟು ವರ್ಷ, ಸ್ಕೀ ಸ್ಕೂಲಲ್ಲಿ ಬ್ಲೂ ಸ್ಟಾರ್ ಲೆವೆಲ್ ಮುಗಿಸಿ ಮುಂದಿನ ರೆಡ್ ಪ್ರಿನ್ಸ್ ತಗೊಂಡಿದಾಳೆ, ನನ್ನ ನೋಡಿ ಅಪ್ಪಾ ನೀನ್ಯಾಕೆ ಕಮೋಡ್ ಮೇಲೆ ಕೂತಂಗೆ ಇಳೀತೀಯ ಅಂತ ಕೇಳ್ತಾಳೆ. ನಾಲ್ಕನೆಯವನು ಬಾಮೈದ, ಬೆಂಗಳೂರಿಂದ ಬರ್ತಿದಾನೆ, ಗುಲ್ಮಾರ್ಗ್‌ನಲ್ಲಿ ಎರಡು ವಾರ ಕೋರ್ಸ್ ಮಾಡಿದಾನೆ, ಟೀವೀಲಿ ಪಕ್ಕದ ವೆಂಗೆನ್ ಊರಿನ ಲಾಬರ್‌ಹಾರ್ನ್ ರೇಸ್ ನೋಡಿ ಭಾವ ನಾನು ಅಲ್ಲೇ ಇಳೀಬೇಕು ಅಂತ ಹಠ. ಜೊತೆಗೆ ಅತ್ತೆ ಬರ್ತಿದಾರೆ, ಅವ್ರಿಗೆ ಮಂಡಿ ನೋವು, ಸ್ಕೀ ಎಲ್ಲಾ ಇಲ್ಲ, ಹಿಮ ನೋಡ್ಬೇಕು ಅಷ್ಟೇ.

ಹೆಂಡ್ತಿಗೆ ಎಲ್ಲಿ ಶುರು ಮಾಡ್ಸೋದು, ನಾನೇ ಹೇಳ್ಕೊಟ್ರೆ ಸಾಕಾ, ಎಲ್ರಿಗೂ ಎಲ್ಲಾ ಲಿಫ್ಟಿಗೂ ಸೇರಿದ ಮೂರು ದಿನದ ಫುಲ್ ಪಾಸ್ ತಗೋಬೇಕಾ, ಅಲ್ಲಿ ನೀಲಿ ಅಂದ್ರೆ ನಿಜವಾಗ್ಲೂ ನೀಲೀನಾ ಅಥ್ವಾ ಹೆಸ್ರಿಗೆ ನೀಲೀನಾ, ಮಧ್ಯಾಹ್ನ ಊಟಕ್ಕಾದ್ರೂ ಎಲ್ರೂ ಒಂದ್ಕಡೆ ಸೇರೋಕೆ ಆಗತ್ತಾ? ಹೋಗಿ ಬಂದವ್ರು ದಯವಿಟ್ಟು ಹೇಳಿ.

ಕುಡ್ಲದವ, ಬರ್ನ್:

ಮೊದ್ಲು ಮ್ಯಾಪ್ ಬದಿಗಿಡಿ ಮಾರಾಯ್ರೆ. ಗ್ರಿಂಡೆಲ್‌ವಾಲ್ಡ್ ಅಂದ್ರೆ ಒಂದೇ ಗುಡ್ಡ ಅಲ್ಲ. ಊರು 1034 ಮೀಟರ್ ಎತ್ತರದಲ್ಲಿ ಉಂಟು, ಅದರ ಒಂದು ಬದಿ ಫಿರ್ಸ್ಟ್, ಇನ್ನೊಂದು ಬದಿ ಐಗರ್ ಶಿಖರದ ಬುಡದಲ್ಲಿ ಕ್ಲೈನೆ ಶೈಡೆಗ್ ಮತ್ತೆ ಮೆನ್‌ಲಿಖೆನ್. ಈ ಎರಡು ಬದಿ ಸ್ಕೀಯಲ್ಲಿ ಕೂಡುದಿಲ್ಲ, ಊರಿಗೆ ಇಳಿದು ಬಸ್ಸಲ್ಲಿ ಆಚೆ ಹೋಗ್ಬೇಕು. ಮ್ಯೂರೆನ್ ಅಂತ ಇನ್ನೊಂದು ಸ್ಕೀ ಊರು ಉಂಟು, ಅದಂತೂ ಆಚೆ ಕಣಿವೆ ದಾಟಿ. ಹೊಸಬರು ಮಾಡುವ ಮೊದಲ ತಪ್ಪೇ ಇದು, ಬೆಳಿಗ್ಗೆ ಇಲ್ಲಿ ಮಧ್ಯಾಹ್ನ ಅಲ್ಲಿ ಅಂತ ಪ್ಲ್ಯಾನ್ ಹಾಕಿ ಅರ್ಧ ದಿನ ಬಸ್ಸಿನಲ್ಲಿ ಸ್ಕೀ ಹಿಡ್ಕೊಂಡು ನಿಲ್ಲುದು. ಮೂರೇ ದಿನ ಇದ್ರೆ ಶೈಡೆಗ್-ಮೆನ್‌ಲಿಖೆನ್ ಬದಿ ಹಿಡ್ಕೊಳ್ಳಿ.

ಬಣ್ಣದ ವಿಷಯ. ಲೆಕ್ಕ ಇಷ್ಟೇ, ನೂರು ಮೀಟರ್ ಮುಂದೆ ಹೋಗುವಾಗ 25 ಮೀಟರ್ ವರೆಗೆ ಇಳಿದ್ರೆ ನೀಲಿ, 40 ವರೆಗೆ ಕೆಂಪು, ಅದಕ್ಕಿಂತ ಹೆಚ್ಚಾದ್ರೆ ಕಪ್ಪು. ಡಿಗ್ರಿಯಲ್ಲಿ ಹೇಳುದಾದ್ರೆ ಸುಮಾರು 14 ಮತ್ತೆ 22. ನಡುವೆ ಸಣ್ಣ ತುಂಡು ಇದಕ್ಕಿಂತ ಕಡಿದಾಗಿದ್ರೂ ಬೋರ್ಡ್ ಬದಲಾಗುದಿಲ್ಲ, ಆ ಸಣ್ಣ ತುಂಡಿನಲ್ಲೇ ಎಲ್ಲ ಬೀಳುದು. ಫ್ರಾನ್ಸ್‌ನಲ್ಲಿ ನೀಲಿಗಿಂತ ಕೆಳಗೆ ಹಸಿರು ಅಂತ ಒಂದುಂಟು, ಸ್ವಿಸ್‌ನಲ್ಲಿ ಅದಿಲ್ಲ, ಹಾಗಾಗಿ ಇಲ್ಲಿಯ ನೀಲಿಯಲ್ಲಿ ಕಣ್ಣು ಮುಚ್ಚಿ ಇಳಿಯುವಂಥದ್ದೂ ಉಂಟು, ಬೆವರು ಬರಿಸುವಂಥದ್ದೂ ಉಂಟು.

ಆದ್ರೆ ನಾನು ಒಂಬತ್ತು ವರ್ಷದಲ್ಲಿ ಕಲ್ತದ್ದು, ಮಾರ್ಚ್‌ನಲ್ಲಿ ಬಣ್ಣಕ್ಕಿಂತ ಗಡಿಯಾರ ಮುಖ್ಯ. ಬಣ್ಣ ಇಳಿಜಾರು ಮಾತ್ರ ಹೇಳ್ತದೆ, ಹಿಮ ಹೇಗುಂಟು ಅಂತ ಹೇಳುದಿಲ್ಲ. ಹಿಂದಿನ ದಿನ ಕರಗಿದ್ದು ರಾತ್ರಿ ಗಟ್ಟಿಯಾಗಿ ಬೆಳಿಗ್ಗೆ ಎಂಟೂವರೆಗೆ ಕಲ್ಲಿನ ಹಾಗೆ ಇರ್ತದೆ, ಹತ್ತು ಹನ್ನೊಂದಕ್ಕೆ ಮೇಲಿನ ಒಂದಿಂಚು ಸಡಿಲಾಗಿ ಸಕ್ಕರೆಯ ಹಾಗೆ ಆಗ್ತದೆ, ಇಲ್ಲಿಯವರು ಫಿರ್ನ್ ಅಂತಾರೆ, ಆ ಹೊತ್ತಿನಲ್ಲಿ ನೀವು ಕೆಂಪಲ್ಲಿ ಇಳಿದ್ರೂ ರಾಜನ ಹಾಗೆ ಇಳೀತೀರಿ. ಎರಡು ಗಂಟೆ ಮೇಲೆ ಅದೇ ಜಾಗ ಗಂಜಿ. ಸ್ಕೀ ತಿರುಗುದೇ ಇಲ್ಲ, ಮಂಡಿ ತಿರುಗ್ತದೆ.

ನನ್ನ ಮೊದಲ ಸೀಸನ್ ಕಥೆ ಕೇಳಿ. ಇಡೀ ದಿನ ಮೇಲೆ ಚಂದ ಇಳಿದು, ನಾಲ್ಕು ಗಂಟೆಗೆ ಊರಿನವರೆಗೂ ಸ್ಕೀಯಲ್ಲೇ ಹೋಗುವ ಅಂತ ಹೊರಟೆ. ಕೆಳಗೆ ಬಂದ ಹಾಗೆ ದಾರಿ ಸಪೂರ, ನೆರಳು ಬಿದ್ದು ಆಗಲೇ ಐಸ್ ಕಟ್ಟಿ ಬೂದು ಬಣ್ಣಕ್ಕೆ ತಿರುಗಿತ್ತು, ಅಕ್ಕಪಕ್ಕ ಹುಲ್ಲು ಕಾಣ್ತಿತ್ತು, ಹಿಂದಿನಿಂದ ಜನ ಬರ್ತಾ ಇದ್ದಾರೆ, ಅವರ ಸ್ಕೀಯ ಅಂಚು ಐಸಿಗೆ ಉಜ್ಜುವ ಸದ್ದು ಥೇಟ್ ತೆಂಗಿನಕಾಯಿ ತುರಿದ ಹಾಗೆ, ಪ್ರತಿ ಸಲ ಆ ತುರಿಯುವ ಸದ್ದು ಬೆನ್ನ ಹಿಂದೆ ಕೇಳಿದಾಗ ನಾನು ಗಟ್ಟಿಯಾಗಿ ನಿಂತುಬಿಡುದು. ಬೆಳಿಗ್ಗೆಯಿಂದ ಕೆಂಪು ಇಳಿದವ ಕೊನೆಗೆ ಈ ಸುಲಭದ ದಾರಿಯಲ್ಲಿ ಕುಂಡೆ ಮೇಲೆ ಜಾರಿಕೊಂಡು ಬಂದೆ. ಆಮೇಲೆ ನಾನು ಸಂಜೆ ಕೆಳಗೆ ಬರುದು ಗೊಂಡೋಲದಲ್ಲಿ, ಅಂದ್ರೆ ಹಗ್ಗದಲ್ಲಿ ತೂಗುವ ಡಬ್ಬಿಯಲ್ಲಿ, ಅಥವಾ ಟ್ರೈನಲ್ಲಿ, ನಾಚಿಕೆ ಎಂತ ಇಲ್ಲ, ಪಾಸ್‌ನಲ್ಲಿ ಎರಡೂ ಸೇರಿಯೇ ಉಂಟು.

ಹೆಂಡತಿಗೆ ಮೊದಲ ದಿನ ಮೇಲೆ ಕರ್ಕೊಂಡು ಹೋಗ್ಲೇಬೇಡಿ. ಊರ ಪಕ್ಕದಲ್ಲೇ ಬೋಡ್ಮಿ ಅಂತ ಕಲಿಯುವವರ ಜಾಗ ಉಂಟು, ಮ್ಯಾಜಿಕ್ ಕಾರ್ಪೆಟ್, ಅಂದ್ರೆ ಏರ್‌ಪೋರ್ಟ್‌ನಲ್ಲಿ ಇರ್ತದಲ್ಲ ನಡೆಯುವ ಬೆಲ್ಟ್ ಅದೇ, ಅದ್ರ ಮೇಲೆ ನಿಂತ್ರೆ ಮೇಲೆ ಹೋಗ್ತದೆ. ಫುಲ್ ಪಾಸ್ ಮೊದಲ ದಿನ ಅವ್ರಿಗೆ ಸುಮ್ಮನೆ ದಂಡ. ಎರಡನೇ ದಿನ ಅರ್ಧಕ್ಕೆ ಹಿಮದ ನೇಗಿಲು ಹಾಕಿ, ಅಂದ್ರೆ ಎರಡು ಸ್ಕೀಯ ಮೂತಿ ಹತ್ತಿರ ತಂದು ಹಿಂದೆ ಅಗಲ ಮಾಡಿ, ನಿಲ್ಲಲಿಕ್ಕೆ ಬಂದ್ರೆ, ಎರಡೂ ಬದಿಗೆ ತಿರುಗ್ಲಿಕ್ಕೆ ಬಂದ್ರೆ, ಮೂರನೇ ದಿನ ಒಂದು ದಿನದ ಪಾಸ್ ತೆಗ್ದು ಮೆನ್‌ಲಿಖೆನ್‌ಗೆ ಕರ್ಕೊಂಡು ಹೋಗಿ. ಅಲ್ಲಿ ಮೇಲ್ಗಡೆ ಅಗಲ ಅಗಲ ನೀಲಿ ಪಿಸ್ಟ್ ಉಂಟು, ನಿಮಗೂ ಅದೇ ಒಳ್ಳೇದು. ಊಟಕ್ಕೂ ಮೆನ್‌ಲಿಖೆನ್ ಮೇಲೆಯೇ ಸೇರಿ, ಯಾಕಂದ್ರೆ ಗೊಂಡೋಲ ಅಲ್ಲಿಯವರೆಗೆ ಹೋಗ್ತದೆ, ಅತ್ತೆಯವ್ರು ಸ್ಕೀ ಇಲ್ಲದೆ ಕೂತ್ಕೊಂಡೇ ಬರ್ಬಹುದು.

ಧಾರವಾಡ ಪೇಡೆ, ಮ್ಯೂನಿಕ್:

ಬಾಮೈದನ ವಿಷಯ ನಾ ಹೇಳ್ತೀನ್ರಿ, ಯಾಕಂದ್ರ ನಾನೂ ಗುಲ್ಮಾರ್ಗ್‌ದಾಗ ಕಲ್ತು ಇಲ್ಲಿ ಬಂದು ಮೂಗು ಒಡ್ಕೊಂಡಾವ. ಗುಲ್ಮಾರ್ಗ್ ಅಂದ್ರ ಮೆತ್ತನ ಹಿಮರಿ, ಹೊಸಾ ಹಿಮ ಬಿದ್ದಾಗ ಹಾಸಿಗಿ ಮ್ಯಾಲೆ ಬಿದ್ದಂಗ. ಇಲ್ಲಿ ರಾತ್ರಿ ಪೂರ್ತಿ ಮಷೀನ್ ಓಡಿಸಿ ಪಿಸ್ಟ್ ಒತ್ತಿ ಒತ್ತಿ ಸಿಮೆಂಟ್ ಮಾಡಿರ್ತಾರ. ಅಂಚು ಕಚ್ಚಿಸಿ ತಿರುಗೋದು ಬರಲಿಲ್ಲಾಂದ್ರ ನಿಮ್ಮ ಕೈಯಾಗ ಏನೂ ಇರಂಗಿಲ್ಲ. ಮೊದ್ಲನೇ ದಿನ ಅಂವಂಗ ಕಪ್ಪು ಬ್ಯಾಡ ಅಂದ್ರ ಬ್ಯಾಡ, ಕೆಂಪಿನ್ಯಾಗ ನಾಕು ರೌಂಡ್ ಹೊಡೀಲಿ, ತಾನ ಗೊತ್ತಾಗ್ತೈತಿ.

ಲಾಬರ್‌ಹಾರ್ನ್ ಬಗ್ಗೆ. 1930ರಿಂದ ನಡ್ಯಾಕ ಹತ್ತಿದ ರೇಸ್ ಅದು, ಜನವರಿ ನಡೂಕ ಆಗ್ತೈತಿ, ಆಮೇಲೆ ಪಿಸ್ಟಿನ ಬದಿಗೆ ಕಟ್ಟಿದ ಬಲೆ ಎಲ್ಲಾ ತಗದು ಸಾಮಾನ್ಯ ಮಂದಿಗೆ ಬಿಡ್ತಾರ. ಉದ್ದ 4.48 ಕಿಲೋಮೀಟರ್, ವರ್ಲ್ಡ್ ಕಪ್‌ದಾಗ ಇದಕ್ಕಿಂತ ಉದ್ದನ ಡೌನ್‌ಹಿಲ್ ಇಲ್ಲ, ಮ್ಯಾಲಿಂದ ಕೆಳಗ 1028 ಮೀಟರ್ ಇಳಿತೈತಿ. ಆ ಮಂದಿ ಎರಡೂವರಿ ನಿಮಿಷದಾಗ ಮುಗಸ್ತಾರ. 2013ರಾಗ ಫ್ರಾನ್ಸಿನ ಯೋಹಾನ್ ಕ್ಲಾರೇ ಹಾನೆಗ್ ಶುಸ್ ಅನ್ನೋ ನೆಟ್ಟಗಿನ ಇಳಿಜಾರಿನ್ಯಾಗ ಗಂಟೆಗೆ 161.9 ಕಿಲೋಮೀಟರ್ ಹೊಡದಾನ. ನಾ ಕಾರಿನ್ಯಾಗ ಅಷ್ಟು ಓಡಿಸಿದ್ರ ಹೆಂಡತಿ ಮಾತಾಡ್ಸಂಗಿಲ್ಲ.

ಹುಂಡ್‌ಶೋಪ್ಫ್ ಅಂತ ಒಂದು ಬಂಡೆ ಐತಿ, ರೇಸ್‌ನವರು ಅದರ ಮ್ಯಾಲಿಂದ ಹಾರತಾರ, ಟೀವ್ಯಾಗ ನೋಡಿದ್ದು ಅದ. ನಮ್ಮಂಥಾವ್ರು ಪಕ್ಕದಾಗಿಂದ ಸುತ್ತಿ ಹೋಗೋದ್ರಿ. ಮುಂದ ಟ್ರೈನ್ ಹಳಿ ಕೆಳಗ ಸಣ್ಣ ಕಿಂಡಿಯಂಥಾ ದಾರಿ ಬರ್ತೈತಿ, ಮ್ಯಾಲೆ ಟ್ರೈನ್ ಹೋಗೂದು, ಕೆಳಗ ನೀವು. ಅಲ್ಲಿಗೆ ಮುಟ್ಟೋದ್ರಾಗ ನನ್ನ ತೊಡಿ ಎರಡೂ ಬೆಂಕಿ ಹತ್ತಿದಂಗಾಗಿ ನಡುವ ನಿಂತು ನಿಂತು ಹತ್ತಿರ ಹತ್ತಿರ ಇಪ್ಪತ್ತು ನಿಮಿಷ ತಗೊಂಡೆ. ಕಡಿದು ಇರೋದು ದೊಡ್ಡ ಸಮಸ್ಯಾ ಅಲ್ಲ, ಮುಗಿಯಂಗೇ ಇಲ್ಲ ಅನ್ನೋದು ಸಮಸ್ಯಾ. ಬಾಮೈದ ಎರಡನೇ ದಿನ ಹತ್ತು ಗಂಟೆಕ್ಕ ಹೋಗ್ಲಿ, ಮಧ್ಯಾಹ್ನದ ಮ್ಯಾಲೆ ಅಲ್ಲ. ಅಷ್ಟು ಸಾಲದು ಅಂದ್ರ ಐಗರ್‌ಗ್ಲೆಚರ್ ಸ್ಟೇಷನ್ ಹತ್ರ ಬ್ಲ್ಯಾಕ್ ರಾಕ್ ಅಂತ ಕಪ್ಪು ಪಿಸ್ಟ್ ಐತಿ, ಅದನ್ನ ತೋರಿಸ್ರಿ, ಮೇಲ ನಿಂತು ಕೆಳಗ ನೋಡಿದ ಮ್ಯಾಲೆ ಮಾತಾಡೂಣು.

ಸಂಪಿಗೆ, ಬಾಸೆಲ್:

"ನಾನೇ ಹೇಳ್ಕೊಟ್ರೆ ಸಾಕಾ" ಅಂತ ಕೇಳಿದೀರಲ್ಲ, ಸಾಕಲ್ಲ, ಅತಿ ಆಗುತ್ತೆ. ನಾನು ಮೂವತ್ತಾರಕ್ಕೆ ಕಲಿತವಳು. ಮೊದಲ ದಿನ ನಮ್ಮನೆಯವ್ರು ಹೇಳಿಕೊಟ್ರು, "ಮಂಡಿ ಬಗ್ಸು, ಮುಂದೆ ವಾಲು, ಹೆದರ್ಬೇಡ, ಅಯ್ಯೋ ಅಲ್ಲ ಅಲ್ಲ" ಇಷ್ಟೇ ಪಾಠ, ಕಾರ್ ಕಲಿಸೋವಾಗ್ಲೂ ಇದನ್ನೇ ಹೇಳಿದ್ರು. ಮಧ್ಯಾಹ್ನ ನಾವಿಬ್ರೂ ಬೇರೆ ಬೇರೆ ಬೆಂಚಿನ ಮೇಲೆ ಕೂತು ಸೂಪ್ ಕುಡಿದ್ವಿ. ಮಾರನೇ ದಿನ ದುಡ್ಡು ಕೊಟ್ಟು ಟೀಚರ್ ಹಿಡಿದ್ವಿ, ಆ ಹುಡುಗಿ ಮೊದಲ ಅರ್ಧ ಗಂಟೆ ಒಂದೇ ಕಾಲಿಗೆ ಸ್ಕೀ ಹಾಕ್ಸಿ ಸಮತಟ್ಟು ಜಾಗದಲ್ಲಿ ನಡೆಸಿದ್ಲು, ಬೀಳೋದು ಹೇಗೆ ಅಂತ ಹೇಳಿಕೊಟ್ಲು, ಎದ್ದೇಳೋದು ಹೇಗೆ ಅಂತ ಹೇಳಿಕೊಟ್ಲು. ಇಳಿಜಾರಿಗೆ ಅಡ್ಡವಾಗಿ ಸ್ಕೀ ಇಟ್ಕೊಂಡು ಏಳ್ಬೇಕು ಅನ್ನೋ ಒಂದು ಮಾತು ನನ್ನ ಗಂಡ ಇಡೀ ದಿನ ಹೇಳಿರ್ಲಿಲ್ಲ, ನಾನು ಎದ್ದ ತಕ್ಷಣ ಕೆಳಗೆ ಜಾರ್ತಿದ್ದೆ ಮತ್ತೆ ಬೀಳ್ತಿದ್ದೆ.

ಬೂಟ್ ಬಗ್ಗೆ ಯಾರೂ ಹೇಳಿಲ್ಲ. ಒಂದು ಬಾಡಿಗೆ ಅಂಗಡೀಲಿ ನನಗೆ ಆರಾಮಾಗಿರ್ಲಿ ಅಂತ ಒಂದು ಸೈಜ್ ದೊಡ್ಡದು ಕೊಟ್ಟಿದ್ರು, ನಾನೂ ಚಳಿ ಅಂತ ಎರಡು ಜೊತೆ ಸಾಕ್ಸ್ ಹಾಕಿದ್ದೆ, ಬೂಟ್ ಒಳಗೆ ಕಾಲು ಅಲ್ಲಾಡಿ ಅಲ್ಲಾಡಿ ಮೊಣಕಾಲಿನ ಕೆಳಗೆ ಚರ್ಮ ಕಿತ್ತೋಯ್ತು, ಸ್ಕೀ ಒಂದ್ಕಡೆ ಹೋದ್ರೆ ನಾನೊಂದ್ಕಡೆ. ಸರಿಯಾದ ಬೂಟಲ್ಲಿ ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ತಾಗ್ಬೇಕು, ಮಂಡಿ ಬಗ್ಗಿಸಿದ ತಕ್ಷಣ ಹಿಂದೆ ಸರೀಬೇಕು. ಒಂದೇ ಜೊತೆ ತೆಳು ಸಾಕ್ಸ್. ಇನ್ನೊಂದು, ಅಂಗಡೀಲಿ ತೂಕ, ಎತ್ತರ, ವಯಸ್ಸು ಕೇಳ್ತಾರೆ, ನಾಚ್ಕೊಂಡು ತೂಕ ಕಮ್ಮಿ ಹೇಳ್ಬೇಡಿ, "ನಾನು ಎಕ್ಸ್‌ಪರ್ಟ್" ಅಂತ ಬಾಮೈದನೂ ಜಂಬ ಕೊಚ್ಚೋದು ಬೇಡ, ಬಿದ್ದಾಗ ಸ್ಕೀ ಬೂಟಿಂದ ಕಳಚಿಕೊಳ್ಳೋ ಬಿಗಿ ಆ ಲೆಕ್ಕದ ಮೇಲೇ ಸೆಟ್ ಮಾಡೋದು. ಬಿಗಿ ಜಾಸ್ತಿ ಆಗಿ ಕಳಚ್ಲಿಲ್ಲ ಅಂದ್ರೆ ಮಂಡಿ ಗತಿ ಮುಗೀತು.

ನಿಮ್ಮ ಮಗಳು ಆರಾಮಾಗಿ ಕೆಂಪು ಇಳೀತಾಳೆ, ಚಿಂತೆ ಬೇಡ, ಆದ್ರೆ ಮುಂದೆ ಹೋಗ್ತಿರೋರಿಗೆ ದಾರಿ ಬಿಡೋದು ಹಿಂದಿನವರ ಕೆಲಸ ಅನ್ನೋದನ್ನ ಅವಳಿಗಿಂತ ಹೆಚ್ಚಾಗಿ ಬಾಮೈದನಿಗೆ ಹೇಳಿ. ದಿಬ್ಬದ ಮರೆಯಲ್ಲಿ ನಿಂತು ಸೆಲ್ಫಿ ತೆಗೆಯೋದೂ ಬೇಡ, ಮೇಲಿಂದ ಬರೋರಿಗೆ ಕಾಣಲ್ಲ.

ಅತ್ತೆಯವ್ರನ್ನ ಒಂದು ದಿನ ಟ್ರೈನಲ್ಲಿ ಕ್ಲೈನೆ ಶೈಡೆಗ್‌ಗೆ ಕರ್ಕೊಂಡು ಹೋಗಿ. 1893ರ ಹಲ್ಲುಹಳಿ ಟ್ರೈನು, ಗ್ರಿಂಡೆಲ್‌ವಾಲ್ಡಿಂದ ಹತ್ತಿ ಕೂತ್ರೆ 2061 ಮೀಟರ್ ಎತ್ತರಕ್ಕೆ ಹೋಗಿ ಬಿಡುತ್ತೆ, ಇಳಿದ ಕೂಡ್ಲೇ ಐಗರ್, ಮ್ಯೋಂಖ್, ಯುಂಗ್‌ಫ್ರೌ ಮೂರೂ ಶಿಖರ ಎದುರಿಗೆ. ನಮ್ಮಮ್ಮ ಅಲ್ಲಿ ಬಿಸಿಲಿಗೆ ಕೂತು ಎರಡು ಗಂಟೆ ಬೀಳೋರನ್ನ ಎಣಿಸ್ತಿದ್ರು. ಸಸ್ಯಾಹಾರ ಆದ್ರೆ ರೋಸ್ಟಿ ಅಂತ ಆಲೂಗಡ್ಡೆ ತುರಿದು ಹುರಿದಿದ್ದು ಸಿಗುತ್ತೆ, ಆದ್ರೆ ಅದರಲ್ಲೂ ಎಲ್ಪ್ಲರ್‌ಮಾಗ್ರೊನೆನ್ ಅನ್ನೋ ಚೀಸ್ ಪಾಸ್ತಾದಲ್ಲೂ ಎಷ್ಟೋ ಕಡೆ ಸ್ಪೆಕ್ ಅಂತ ಹಂದಿ ಮಾಂಸದ ಚೂರು ಹಾಕಿರ್ತಾರೆ, ಆರ್ಡರ್ ಮಾಡೋವಾಗ್ಲೇ "ಓನೆ ಸ್ಪೆಕ್", ಸ್ಪೆಕ್ ಬೇಡ, ಅಂತ ಹೇಳ್ಬಿಡಿ.

ಝೂರಿಕ್ ಜಯನಗರ:

ಅಬ್ಬಾ, ತುಂಬಾ ಥ್ಯಾಂಕ್ಸ್. ಸಂಪಿಗೆ ಮೇಡಂ ಬರೆದಿದ್ದನ್ನ ಹೆಂಡ್ತಿ ಗಟ್ಟಿಯಾಗಿ ಎರಡು ಸಲ ಓದಿದ್ಲು. ಟೀಚರ್ ಬುಕ್ ಆಯ್ತು.

ಇನ್ನೆರಡು ಡೌಟು. ಮ್ಯಾಪಲ್ಲಿ ಕೆಲವು ಕಡೆ ಹಳದಿ ಗೆರೆ ಇದೆ, ಅದೇನು ನೀಲಿಗಿಂತ ಸುಲಭಾನಾ? ಆಮೇಲೆ ಸ್ಕೀ ಪಾಸಲ್ಲೇ ಯುಂಗ್‌ಫ್ರೌಯೋಖ್, ಅದೇ ಮೇಲೆ ತುದೀಲಿರೋ ಟ್ರೈನ್ ಸ್ಟೇಷನ್, ಅಲ್ಲಿಗೂ ಹೋಗಿ ಬರ್ಬಹುದಾ?

ಕುಡ್ಲದವ, ಬರ್ನ್:

ಅಯ್ಯೋ ಬೇಡ ಬೇಡ. ಹಳದಿ ಅಂದ್ರೆ ಮಷೀನ್ ಓಡಿಸದ ದಾರಿ. ಗುರುತು ಹಾಕಿರ್ತಾರೆ, ಹಿಮ ಕುಸಿಯುವ ಅಪಾಯ ಇದ್ರೆ ಮುಚ್ತಾರೆ, ಆದ್ರೆ ಹಿಮ ಬಿದ್ದ ಹಾಗೇ ಇರ್ತದೆ, ಗುಡ್ಡೆ ಗುಡ್ಡೆ ಆಗಿರ್ತದೆ, ಸಂಜೆ ಯಾರಾದ್ರೂ ಉಳಿದಿದ್ದಾರಾ ಅಂತ ನೋಡ್ಕೊಂಡು ಬರುವ ಪಹರೆಯೂ ಅಲ್ಲಿ ಇಲ್ಲ. ಗುಲ್ಮಾರ್ಗ್ ಹುಡುಗನಿಗೆ ಬಹುಶಃ ಕಪ್ಪಿಗಿಂತ ಇದೇ ಖುಷಿ ಆದೀತು, ಆದ್ರೆ ಒಬ್ಬನೇ ಕಳಿಸ್ಬೇಡಿ.

ಯುಂಗ್‌ಫ್ರೌಯೋಖ್‌ಗೆ ಬೇರೆ ಟಿಕೆಟ್. ಸ್ಕೀ ಪಾಸ್ ಐಗರ್‌ಗ್ಲೆಚರ್ ಸ್ಟೇಷನ್ ವರೆಗೆ, 2320 ಮೀಟರ್. ಅಲ್ಲಿಗೆ ಹೋಗ್ಲಿಕ್ಕೆ ಐಗರ್ ಎಕ್ಸ್‌ಪ್ರೆಸ್ ಅಂತ ದೊಡ್ಡ ಗೊಂಡೋಲ ಉಂಟು, 2020ರ ಡಿಸೆಂಬರ್‌ನಲ್ಲಿ ಶುರುವಾದದ್ದು, ಕಾಲು ಗಂಟೆ ಸಾಕು. ಮಜಾ ಎಂತ ಅಂದ್ರೆ ಇದ್ರಿಂದಾಗಿ ಏನೂ ಬಾರದವ್ರೂ ಕಾಲು ಗಂಟೆಯಲ್ಲಿ ಮೇಲೆ ಮುಟ್ಟಿ ಬಿಡ್ತಾರೆ, ಮತ್ತೆ ಅಲ್ಲಿ ನಿಂತು ಕೆಳಗೆ ಹೋಗುದು ಹೇಗೆ ಅಂತ ಅಳ್ತಾರೆ. ಹಾಗೆ ಸಿಕ್ಕಿ ಬಿದ್ರೆ ವಾಪಸ್ ಅದೇ ಗೊಂಡೋಲ ಹತ್ತಿ, ಅಷ್ಟೇ.

ಚಳಿಗಾಲ:

ಎಲ್ರೂ ಫಿರ್ಸ್ಟ್ ಕಡೆ ಬಿಟ್ಟೇ ಬಿಟ್ರಲ್ಲ, ನಂಗೇನೋ ಅದೇ ಇಷ್ಟ. ಜನ ಕಮ್ಮಿ, ಬಿಸಿಲು ಜಾಸ್ತಿ, ಮೇಲೆ ಓಬರ್‌ಯೋಖ್‌ನಿಂದ ಇಳಿಯೋಕೆ ಶುರು ಮಾಡಿದ್ರೆ ಎದುರಿಗೆ ಐಗರ್ ಪೂರ್ತಿ ಕಾಣತ್ತೆ, ಆಚೆ ಕಡೆ ಐಗರ್ ಕೆಳಗೇ ನಿಂತಿರೋದ್ರಿಂದ ಕತ್ತೆತ್ತಿ ಕತ್ತೆತ್ತಿ ನೋವು ಬರತ್ತೆ. ನಿಮ್ಮ ಲೆವೆಲ್‌ಗೆ ಒಳ್ಳೆ ಕೆಂಪು ಪಿಸ್ಟ್‌ಗಳಿವೆ. ಬೋಡ್ಮಿ ಕೂಡ ಇದೇ ಕಡೆ ತಾನೆ, ಹೆಂಡ್ತಿ ಅಲ್ಲಿ ಕಲೀತಿರೋ ದಿನ ನೀವು ಮಗಳು ಫಿರ್ಸ್ಟ್‌ಗೆ ಹೋಗಿ.

ಕುಡ್ಲದವ, ಬರ್ನ್:

ಜನವರಿ ಆದ್ರೆ ನಾನೂ ಅದನ್ನೇ ಹೇಳ್ತಿದ್ದೆ. ಮಾರ್ಚ್‌ನಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಗುಡ್ಡ ಮಾರಾಯ್ರೆ, ಹನ್ನೆರಡಕ್ಕೇ ಗಂಜಿ ರೆಡಿ. ಆದ್ರೆ ಹೆಂಡತಿ ಬೋಡ್ಮಿಯಲ್ಲಿರುವ ದಿನ ಬೆಳಿಗ್ಗೆ ಮಾತ್ರ ಫಿರ್ಸ್ಟ್ ಅನ್ನುದು ಒಳ್ಳೆ ಐಡಿಯಾ, ಒಪ್ಪಿದೆ.

ಧಾರವಾಡ ಪೇಡೆ, ಮ್ಯೂನಿಕ್:

ಸಂಬಂಧ ಇಲ್ಲದ್ದೊಂದು ಹೇಳೇ ಬಿಡ್ತೀನ್ರಿ. ನಮ್ಮ ಕಡೆ ಗಾರ್ಮಿಷ್‌ದಾಗ ರೇಸ್ ಪಿಸ್ಟಿನ ಹೆಸರು ಕಂದಹಾರ್. ಅಫ್ಘಾನಿಸ್ತಾನದ ಕಂದಹಾರ್ ಇಲ್ಲಿ ಹೆಂಗ ಬಂತಪಾ ಅಂತ ಹುಡುಕಿದ್ರ, 1911ರಾಗ ಸ್ವಿಟ್ಜರ್ಲೆಂಡಿನ ಮೊಂಟಾನಾದಾಗ ಒಂದು ಡೌನ್‌ಹಿಲ್ ರೇಸ್ ಆತು, ಅದಕ್ಕ ಕಪ್ ಕೊಟ್ಟಾವ ಬ್ರಿಟಿಷ್ ದಂಡಿನ ಲಾರ್ಡ್ ರಾಬರ್ಟ್ಸ್ ಆಫ್ ಕಂದಹಾರ್, ಅಂವ ಹುಟ್ಟಿದ್ದು ಕಾನ್ಪುರದಾಗ. ಆ ರೇಸ್ ನಡಸಿದಾವ ಆರ್ನಾಲ್ಡ್ ಲನ್, 1922ರಾಗ ಮ್ಯೂರೆನ್‌ದಾಗ ಈಗಿನ ರೀತಿ ಸ್ಲಾಲೋಮ್, ಅಂದ್ರ ಕಂಬದ ನಡುವ ತಿರುಗಿ ತಿರುಗಿ ಇಳಿಯೋ ರೇಸ್, ಶುರು ಮಾಡಿದಾವನೂ ಅಂವನ, ಅಂವ ಹುಟ್ಟಿದ್ದು ಮದ್ರಾಸ್‌ದಾಗ! ಇನ್ನ ಮ್ಯಾಲೆ ಯಾರರ ನಿಮ್ಮ ಮಂದಿಗೂ ಹಿಮಕ್ಕೂ ಏನ್ರಿ ಸಂಬಂಧ ಅಂದ್ರ ಇದನ್ನ ಹೇಳ್ರಿ.

ಕೆಲಸದ ಮಾತು ಒಂದು. ಸಂಜಿ ಪಿಸ್ಟ್ ಮುಚ್ಚಿದ ಮ್ಯಾಲೆ ಒಂದು ರೌಂಡ್ ಅಂತ ಬಾಮೈದ ಅಂದ್ರ ಕಿವಿ ಹಿಂಡ್ರಿ. ಕಡಿದು ಜಾಗದಾಗ ಮಷೀನಿಗೆ ಉಕ್ಕಿನ ಹಗ್ಗ ಕಟ್ಟಿ ಮ್ಯಾಲಿಂದ ಜಗ್ಗಿ ಕೆಲಸ ಮಾಡ್ತಾರ, ಕತ್ತಲ್ಯಾಗ ಆ ಹಗ್ಗ ಕಾಣಂಗಿಲ್ಲ, ಅದು ಒಮ್ಮೆಲೆ ಮ್ಯಾಲೆದ್ದು ಬಿಗಿ ಆಗ್ತೈತಿ. ಮತ್ತ ಇನ್ಶೂರೆನ್ಸ್ ನೋಡ್ಕೋರಿ, ಬೆಂಗಳೂರಿಂದ ಬರೋ ಟ್ರಾವೆಲ್ ಪಾಲಿಸಿ ಎಷ್ಟೋದ್ರಾಗ ಸ್ಕೀ ಸೇರಿರಂಗಿಲ್ಲ. ಗುಡ್ಡದಾಗ ಬಿದ್ದವರನ್ನ ಎತ್ತಾಕ ಬರೋ ರೇಗಾ ಹೆಲಿಕಾಪ್ಟರ್ ನಂಬರ್ 1414, ಫೋನಿನ್ಯಾಗ ಸೇವ್ ಮಾಡ್ರಿ.

ಝೂರಿಕ್ ಜಯನಗರ:

ಹೋಗಿ ಬಂದ್ವಿ, ಹೇಳ್ದೆ ಇದ್ರೆ ತಪ್ಪಾಗತ್ತೆ ಅಂತ ಬರೀತಿದೀನಿ.

ಮೊದಲ ದಿನ ಹೆಂಡ್ತಿ ಬೋಡ್ಮಿ, ನಾವು ಮೂರು ಜನ ಹನ್ನೊಂದೂವರೆವರೆಗೂ ಫಿರ್ಸ್ಟ್, ಆಮೇಲೆ ನಿಜವಾಗ್ಲೂ ಗಂಜಿ. ಬಾಮೈದ ಬೆಳಿಗ್ಗೆ ಮೊದಲನೇ ಕೆಂಪಲ್ಲೇ ಗಟ್ಟಿ ಹಿಮ ಸಿಕ್ಕಿ ಎರಡು ಸಲ ಪಕ್ಕಕ್ಕೆ ಜಾರಿ ಬಿದ್ದ, ಆಮೇಲೆ ಕಪ್ಪಿನ ಮಾತೇ ಎತ್ಲಿಲ್ಲ. ಮೂರನೇ ದಿನ ಮೆನ್‌ಲಿಖೆನ್‌ನಲ್ಲಿ ಹೆಂಡ್ತಿ ಟೀಚರ್ ಹಿಂದೆ ಹಿಂದೆ ಹಾವು ಹರಿದ ಹಾಗೆ ನೀಲೀಲಿ ಮೇಲಿಂದ ಚೇರ್‌ಲಿಫ್ಟ್ ಬುಡದವರೆಗೂ ಬಂದ್ಲು, ಒಂದೇ ಸಲ ಬಿದ್ದಿದ್ದು, ಅದೂ ಲಿಫ್ಟ್ ಇಳಿಯೋವಾಗ, ನನ್ನ ಮೇಲೆ. ಅತ್ತೆ ಎರಡು ದಿನ ಕ್ಲೈನೆ ಶೈಡೆಗ್‌ನಲ್ಲೇ ಕೂತಿದ್ರು, ಮೂರನೇ ದಿನ ಊಟಕ್ಕೆ ಗೊಂಡೋಲದಲ್ಲಿ ಮೆನ್‌ಲಿಖೆನ್‌ಗೆ ಬಂದು ಇಲ್ಲಿ ಬಿಸಿಲು ಅಲ್ಲಿಯಷ್ಟು ಚೆನ್ನಾಗಿಲ್ಲ ಅಂದ್ರು.

ಲಾಬರ್‌ಹಾರ್ನ್. ಎರಡನೇ ದಿನ ಹತ್ತು ಗಂಟೆಗೆ ಬಾಮೈದ, ಮಗಳು, ನಾನು ಮೂರು ಜನ ಹೊರಟ್ವಿ. ಹುಂಡ್‌ಶೋಪ್ಫ್ ಪಕ್ಕದಲ್ಲಿ ನಿಂತು ಫೋಟೋ ತೆಗೆಸ್ಕೊಂಡ, ಅಲ್ಲೀತನಕ ಚೆನ್ನಾಗೇ ಇದ್ದ. ಅದಾದ ಮೇಲೆ ತೊಡೆ ಹಿಡ್ಕೊಂಡು ನಿಲ್ಲೋಕೆ ಶುರು ಮಾಡಿದ, ನಾನಂತೂ ಅವನು ನಿಂತ್ರೆ ಸಾಕು ಅಂತಾನೇ ಕಾಯ್ತಿದ್ದೆ. ವೆಂಗರ್ನಾಲ್ಪ್ ಸ್ಟೇಷನ್ ಕಾಣಿಸಿದ್ದೇ ತಡ "ಭಾವ, ಪಾಸಲ್ಲಿ ಟ್ರೈನ್ ಫ್ರೀ ಅಲ್ವಾ" ಅಂದ. ಇಬ್ರೂ ಸ್ಕೀ ಬಿಚ್ಚಿ ಪ್ಲಾಟ್‌ಫಾರ್ಮ್‌ನಲ್ಲಿ ನಿಂತ್ವಿ. ಮಗಳು ಮಾತ್ರ ನಾನು ಇಳಿದೇ ಬರ್ತೀನಿ ಅಂತ ಅತ್ತು ಗಲಾಟೆ ಮಾಡಿದ್ಲು, ಒಬ್ಳನ್ನೇ ಹೇಗೆ ಕಳಿಸೋದು, ವೆಂಗೆನ್ ಬರೋವರೆಗೂ ಕಿಟಕಿ ಕಡೆ ಮುಖ ಮಾಡ್ಕೊಂಡು ಕೂತಿದ್ಲು, ಮಾಮನ ಹತ್ರ ಅವತ್ತು ರಾತ್ರಿವರೆಗೂ ಮಾತಾಡ್ಲಿಲ್ಲ.